ಆಯಿ ಎಂದವರು ಯಾರು?

ಅರ್ಧ ಕಾಯಿ ತುರಿದಾಗಿತ್ತು. ಕಲಾವತಿ ಕೈ ನಿಲ್ಲಿಸಿ ಗಡಿಯಾರ ನೋಡಿದಳು. ಎಂಟೂವರೆ. ಮೀನಿನ ಮಾದೇವಿ ಇನ್ನೂ ಬಂದಿರಲಿಲ್ಲ. ದಿನವೂ ಕಾಯಿ ತುರಿಯುವ ಹೊತ್ತಿಗೆ ಬಾಗಿಲಲ್ಲಿ "ಬಾಂಗಡೆ ಬೇಕೇನೇ?" ಎಂಬ ದನಿ ಕೇಳಬೇಕು.

ಫೋನು ರಿಂಗಾಯಿತು. ಹಣಕೋಣಕ್ಕೆ ಮದುವೆಯಾಗಿ ಹೋದ ಮಗಳು ರೂಪಾಲಿ.

"ಆಯಿ..."

"ಹೇಳೇ."

ರೂಪಾಲಿ ದನಿ ತಗ್ಗಿಸಿದಳು. "ಏನಿಲ್ಲ. ಸುಮ್ನೇ ಮಾಡ್ದೆ."

ಹೊರಗೆ ಕಾಗೆಗಳು ಒಂದೇ ಸಮನೆ ಕೂಗುತ್ತಿದ್ದವು. ಕಲಾವತಿ ಫೋನಿಟ್ಟು ಹೊರಬಂದಳು. ಓಣಿಯ ಕೊನೆಯಲ್ಲಿ ಸಮುದ್ರಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು. ಬುಟ್ಟಿ ಮಗುಚಿತ್ತು. ಬಾಂಗಡೆ ಚೆಲ್ಲಿತ್ತು. ಕೆಳಗೆ ಮಾದೇವಿ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು.

ಪೊಲೀಸರು ಬರುವವರೆಗೂ ಕಲಾವತಿ ಅಲ್ಲೇ ಕೂತು ಕಾಗೆ ಓಡಿಸಿದಳು.

*

ಅಮದಳ್ಳಿಯವರೆಲ್ಲ ಜಾರಿ ಬಿದ್ದಳೆಂದರು. ಡಾಕ್ಟರು ಒಪ್ಪಲಿಲ್ಲ. ತಲೆಯ ಹಿಂದಿನ ಪೆಟ್ಟು ಯಾರೋ ನೂಕಿದ್ದರಿಂದ ಆದದ್ದು ಎಂದರು. ಆಗ ಮಾದೇವಿಯ ಮಗ ಕಿಶನ ಅಳುತ್ತ ಬಾಯಿ ಬಿಟ್ಟ. ಆಯಿ ಬುಟ್ಟಿ ಹೊತ್ತು ಹೊರಟಳು, ಹೆಂಡತಿ ಪ್ರಗತಿ ಜಗಳಾಡುತ್ತ ಹಿಂದೆಯೇ ಹೋದಳು ಎಂದ. ಪ್ರಗತಿ ಅಂಕೋಲೆಯ ಹತ್ತಿರ ಭಾವಿಕೇರಿಯಲ್ಲಿ, ತವರಿನಲ್ಲಿ ಸಿಕ್ಕಳು. ಠಾಣೆಗೆ ತಂದು ಕೂರಿಸಿದರು.

ಕಲಾವತಿ ಕಾರವಾರದ ಕೋರ್ಟಿನಲ್ಲಿ ಅನುವಾದಕಿ. ಕೊಂಕಣಿಯಲ್ಲಿ ಅತ್ತವರ ಮಾತನ್ನು ಕನ್ನಡದಲ್ಲಿ ಬರೆಯುವುದು ಅವಳ ಕೆಲಸ. ಮರುದಿನ ಇನ್‌ಸ್ಪೆಕ್ಟರ್ ಅವಳನ್ನು ಕರೆಸಿದ. ಧಾರವಾಡದ ಕಡೆಯವನು, ಬಂದು ಎರಡು ತಿಂಗಳಾಗಿತ್ತು.

"ಮಾದೇವಿ ಬಾಜೂ ಮನಿ ನಾಗಿ 'ಆಯಿ' ಅಂತ ಕೂಗಿದ್ದು ಕೇಳ್ಯಾಳ್ರಿ ಅಕ್ಕಾರ. ನಾ ಮೊದಲ ಮೊಮ್ಮಕ್ಕಳ್ನ ಹುಡುಕಿದೆ. ಆ ಮನ್ಯಾಗ ಕೂಸ ಇಲ್ಲ."

"ಆಯಿ ಅಂದ್ರೆ ನಿಮ್ಮ ಕಡೆ ಅಜ್ಜಿ. ಇಲ್ಲಿ ತಾಯಿ. ಘಟ್ಟದ ಮೇಲೆ ಹವ್ಯಕರ ಮನೇಲೂ ತಾಯಿ."

"ಒಂದ ಶಬ್ದ, ಊರಿಗೊಂದು ಅರ್ಥ. ಹುಟ್ಟಿದ್ದರ ಎಲ್ಲಿ?"

"ಮರಾಠಿಯಿಂದ ಬಂತು ಅಂತಾರೆ. ಮರಾಠಿಯವರೇ ದಕ್ಷಿಣದಿಂದ ತಗಂಡ್ರು ಅನ್ನೋರೂ ಇದ್ದಾರೆ. ಹಳೇ ತಮಿಳಲ್ಲೂ ಇದೆಯಂತೆ. ಪೋರ್ಚುಗೀಸರ ಬಾಯಲ್ಲಿ ನೋವಾದಾಗ ಬರೂದೂ ಅಂಥದ್ದೇ."

"ಇಲ್ಲಿ ಮಾತ್ರ ಸೊಸಿ ಬಾಯಾಗಿಂದ ಬಂದದ."

"ಮಗನೂ ಆಯಿ ಅಂತಿದ್ದ, ಸೊಸೆಯೂ ಆಯಿ ಅಂತಿದ್ಲು. ಪೆಟ್ಟು ಬಿದ್ದಾಗ ಮಾದೇವಿಯೇ ತನ್ನ ತಾಯೀನ ಕರೆದಿರಬಹುದು. ಆ ಶಬ್ದ ನಂಬಿ ಯಾರನ್ನೂ ಹಿಡಿಯೂಕೆ ಬರೂದಿಲ್ಲ ಸಾಹೇಬ್ರೆ."

ಮೂಲೆಯಲ್ಲಿದ್ದ ನಾಗಿ ತಲೆಯಾಡಿಸಿದಳು. "ಗಂಡ್ಸೋ ಹೆಂಗ್ಸೋ ನಂಗೂ ಗುತ್ತಾಗ್ಲಿಲ್ರಾ. ಆ ಗಾಳೀಲಿ."

*

ಪ್ರಗತಿಗೆ ಕನ್ನಡ ಬರುತ್ತಿತ್ತು. ಆ ದಿನ ಕೊಂಕಣಿ ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಮೊಣಕೈ ಮೇಲೆ ಹಳದಿಗೆ ತಿರುಗಿದ ಪೆಟ್ಟಿನ ಕಲೆ. ಕಲಾವತಿ ಅದನ್ನು ನೋಡಿದಳು, ಕೇಳಲಿಲ್ಲ.

"ಆಯಿಯೇ ನನ್ನನ್ನು ಕಳಿಸಿದಳು. ಬೆಳಕು ಹರಿಯುವಾಗ, ಮೊದಲ ಬಸ್ಸಿಗೆ. ಕಿಶನ ದೋಣಿಯಿಂದ ಬರುವ ಮುಂಚೆ ಹೋಗು, ನಾನು ಕರೆಯುವವರೆಗೆ ಬರಬೇಡ ಅಂದಳು." ಪ್ರಗತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇನ್ನು ಯಾರು ಕರೆಯುತ್ತಾರೆ?"

ಕಲಾವತಿ ಬರೆದುಕೊಂಡಳು. ಇನ್‌ಸ್ಪೆಕ್ಟರ್ ನಂಬಿದಂತೆ ಕಾಣಲಿಲ್ಲ. ಕಳಿಸಿದವಳೇ ಸತ್ತಿದ್ದಾಳೆ, ಹೌದೆನ್ನಲು ಯಾರೂ ಇಲ್ಲ.

ಏಳುವಾಗ ಪ್ರಗತಿ ಅವಳ ಕೈ ಹಿಡಿದಳು. "ಆಯಿಯ ಸಿಂಬಿ ನಿಮಗೆ ಸಿಕ್ಕಿತಾ? ನನ್ನ ಮದುವೆ ಸೀರೆ ಹರಿದು ನಾನೇ ಸುತ್ತಿಕೊಟ್ಟದ್ದು, ಹಸಿರು ಅಂಚಿನದು. ಅದಿಲ್ಲದೆ ಅವಳು ಬುಟ್ಟಿ ಹೊರುತ್ತಿರಲಿಲ್ಲ. ಅದನ್ನು ಅವಳ ಜೊತೆಗೇ ಇಡಿ."

ಕಲಾವತಿ ಕದಲಲಿಲ್ಲ. ಮೆಟ್ಟಿಲ ಬಳಿ ಒಂದು ಗಂಟೆ ಕೂತಿದ್ದಳು. ಬುಟ್ಟಿ ಕಂಡಿತ್ತು. ಮೀನು ಕಂಡಿತ್ತು. ತಲೆಗೂ ಬುಟ್ಟಿಗೂ ನಡುವೆ ಇಡುವ ಆ ಬಟ್ಟೆಯ ಸುರುಳಿ ಎಲ್ಲೂ ಕಂಡಿರಲಿಲ್ಲ.

*

ಕಲಾವತಿ ಇನ್‌ಸ್ಪೆಕ್ಟರ್‌ನನ್ನು ಕರೆದುಕೊಂಡು ಹೋದಾಗ ಸಿಂಬಿ ಮಾದೇವಿಯ ಅಡುಗೆಮನೆಯಲ್ಲೇ ಇತ್ತು. ಬಾಗಿಲ ಪಕ್ಕದ ಮೊಳೆಯ ಮೇಲೆ. ಹಸಿರು ಅಂಚು, ಮೀನಿನ ವಾಸನೆ.

ಕಿಶನ ಒರಳುಕಲ್ಲಿನ ಪಕ್ಕ ಕೂತಿದ್ದ. ಕಲಾವತಿ ಮೆಲ್ಲಗೆ ಕೇಳಿದಳು.

"ಆಯಿ ಹೊರಡುವಾಗ ನೀನು ಮನೇಲೇ ಇದ್ಯಾ ತಮಾ?"

"ಇದ್ದೆ ಅಕ್ಕೋರೆ. ಬುಟ್ಟಿ ನಾನೇ ಎತ್ತಿ ಅವ್ಳ ತಲೆ ಮೇಲೆ ಇಟ್ಟೆ."

"ತಲೆ ಮೇಲೆ ಏನಿತ್ತು?"

"ಎಂತ ಇರ್ತದೆ? ಕೂದ್ಲು."

ಬಾಗಿಲಲ್ಲಿದ್ದ ನಾಗಿ ಮೊಳೆಯತ್ತ ನೋಡಿದಳು. ಆಮೇಲೆ ಕಿಶನನತ್ತ. "ಏ ಪೋರಾ," ಎಂದಳು, ಅಷ್ಟೇ.

ಕಲಾವತಿ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಮಾದೇವಿ ದಡದಿಂದ ಮೀನು ತಂದು, ಬುಟ್ಟಿ ಇಳಿಸಿ, ಸಿಂಬಿ ಮೊಳೆಗೆ ಹಾಕಿ, ಚಾ ಕುಡಿದು ಮತ್ತೆ ಹೊರಡೂದು. ಆ ದಿನ ಮೊಳೆಗೆ ಹಾಕಿದ ಸಿಂಬಿ ಮತ್ತೆ ಇಳಿದೇ ಇಲ್ಲ. ಅಂದ್ರೆ ಅವಳು ಹೊರಟೇ ಇಲ್ಲ. ಅವಳನ್ನೂ ಬುಟ್ಟಿಯನ್ನೂ ಯಾರೋ ಮೆಟ್ಟಿಲಿಗೆ ಒಯ್ದಿದ್ದಾರೆ. ಹೆಂಗಸಾದ್ರೆ ಸಿಂಬಿ ಮರೆಯೂದಿಲ್ಲ. ನೆಲ ನೋಡಿ. ಒರಳಿನ ಪಕ್ಕ ಒಂದು ಮೊಳದಷ್ಟೇ ಸಗಣಿ ಸಾರಿಸಿದ್ದು. ಕೈಯ ವರಸೆಯೇ ಇಲ್ಲ. ನೆಲ ಸಾರಿಸಿ ಗೊತ್ತಿಲ್ಲದವರ ಕೆಲಸ."

ಇನ್‌ಸ್ಪೆಕ್ಟರ್ ಮೊಣಕಾಲೂರಿ ಒರಳುಕಲ್ಲಿನ ಬಿರುಕಿಗೆ ಟಾರ್ಚು ಬಿಟ್ಟ. ಅಲ್ಲಿ ಕಪ್ಪಾಗಿ ಒಣಗಿದ್ದು ಮಸಾಲೆಯಲ್ಲ.

ಕಿಶನ ಗೋಡೆಗೆ ತಲೆ ಒರಗಿಸಿದ.

"ಪ್ರಗತಿ ಎಲ್ಲಿ ಅಂತ ಕೇಳ್ದೆ. ಹೇಳೂದಿಲ್ಲ ಅಂದ್ಲು. ಇನ್ನು ನೀನು ಅವಳ ಮೈ ಮುಟ್ಟೂಕೆ ನಾನು ಬಿಡೂದಿಲ್ಲ ಅಂದ್ಲು. ದೂಡ್ದೆ. ಒಂದೇ ಸಲ." ಒರಳುಕಲ್ಲಿನತ್ತ ನೋಡಿದ. "ಆಯಿ ಅಂದದ್ದು ನಾನು. ಅವ್ಳು ಓ ಅನ್ಲಿಲ್ಲ."

ಮೂವತ್ತು ವರ್ಷ ಆ ಬುಟ್ಟಿಯ ಅನ್ನ ಉಂಡವನು. ತಾಯಿಯ ತಲೆಯ ಮೇಲೆ ಏನಿತ್ತೆಂದು ಒಮ್ಮೆಯೂ ನೋಡಿರಲಿಲ್ಲ.

*

ಸಂಜೆ ಕಲಾವತಿ ಹೇಳಿಕೆಯ ಪ್ರತಿ ಬರೆಯಲು ಕೂತಳು. ಪ್ರಗತಿಯನ್ನು ಬಿಟ್ಟಿದ್ದರು. ಸಿಂಬಿ ಸಾಕ್ಷಿಯ ಚೀಲ ಸೇರಿತ್ತು. ಮಾದೇವಿಯ ಜೊತೆ ಹೋಗಲಿಲ್ಲ.

'ಆಯಿ' ಎಂಬಲ್ಲಿ ಲೇಖನಿ ನಿಂತಿತು. ತಾಯಿ ಎಂದು ಬರೆದಳು. ಹೊಡೆದು ಹಾಕಿದಳು. ಕೊಂದವನೂ ಅದನ್ನೇ ಅಂದ. ಉಳಿದವಳೂ ಅದನ್ನೇ ಅಂದಳು. ಎರಡಕ್ಕೂ ಒಂದೇ ಕನ್ನಡ ಹೇಗೆ ಕೊಡುವುದು? ಕೊನೆಗೆ ಆಯಿ ಎಂದೇ ಬರೆದಳು.

ಫೋನು ರಿಂಗಾಯಿತು.

"ಆಯಿ..."

ಕಲಾವತಿ ಈ ಸಲ ಆ ಕಡೆಯ ಉಸಿರು ಕೇಳುತ್ತ ಕಾದಳು. ಉಸಿರು ನಡುಗುತ್ತಿತ್ತು.

"ಏನಿಲ್ಲ, ಆಯಿ."

"ಊಟ ಮಾಡು ಮಗಾ," ಎಂದಳು.

"ಯಾರು?" ಗಂಡ ಹೊರಗಿನಿಂದ ಕೇಳಿದ.

"ರೂಪಾಲಿ. ಏನಿಲ್ಲಂತೆ."

ಅಟ್ಟದ ಮೇಲಿದ್ದ ದೊಡ್ಡ ಚೀಲ ಇಳಿಸಿ ಧೂಳು ಕೊಡವಿದಳು. ಅದರಲ್ಲಿ ಏನೂ ತುಂಬಲಿಲ್ಲ. ಬರುವಾಗ ಅದರಲ್ಲಿ ಮಗಳ ಬಟ್ಟೆ ಹಿಡಿಯಬೇಕು. ಹಣಕೋಣಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಅವಳಿಗೆ ಗೊತ್ತಿತ್ತು. ಚೀಲವನ್ನು ಮಡಚಿ, ನಾಳೆ ಉಡುವ ಸೀರೆಯ ಕೆಳಗಿಟ್ಟು, ಅನ್ನಕ್ಕೆ ಅಕ್ಕಿ ತೊಳೆಯಲು ಹೋದಳು.