ಬಲಕ್ಕೆ ಸುತ್ತಿದ ಮರಿಗಳು

"ನಿಜ ಹೇಳು ಪಿಳ್ಳೆ. ಮರಿಗಳನ್ನ ಬದಲಾಯಿಸಿದ್ದು ನೀನೇ ತಾನೇ?"

"ಇಲ್ಲ ಅಕ್ಕಾ! ಬರೀ ನೀರು ಚೇಂಜ್ ಮಾಡಿದೆ. ದೇವರಾಣೆ!"

ಪಿಳ್ಳೆ ಎರಡನೇ ಕ್ಲಾಸು. ಅಕ್ಕ ಐದನೇ ಕ್ಲಾಸಿನ ಲೀಡರ್. ಮನೆಯಲ್ಲೂ ಎಲ್ಲರೂ ಅವಳನ್ನು ಲೀಡರ್ ಎಂದೇ ಕರೆಯುತ್ತಿದ್ದರು.

ಕಿಟಕಿಯಲ್ಲಿ ಜಾಮ್ ಬಾಟಲಿ. ಅದರೊಳಗೆ ನೀರಿನ ಬಸವನಹುಳು. ಶಾಲೆಯ ತೊಟ್ಟಿಯಲ್ಲಿದ್ದ ಹುಳುಗಳ ಚಿಪ್ಪೆಲ್ಲ ಬಲಕ್ಕೆ ಸುತ್ತಿದ್ದರೆ, ಇದರದು ಮಾತ್ರ ಎಡಕ್ಕೆ. ಇದು ಮೊಟ್ಟೆಯಿಟ್ಟ ದಿನವೇ ಲೀಡರ್ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಚಾರ್ಟ್ ಬರೆದುಬಿಟ್ಟಿದ್ದಳು: 'ಎಡಸುರುಳಿ ಅಮ್ಮ, ಎಡಸುರುಳಿ ಮಕ್ಕಳು.' ಕ್ಲಾಸಿನಲ್ಲೆಲ್ಲ ಕೊಚ್ಚಿಕೊಂಡೂ ಆಗಿತ್ತು.

ಇವತ್ತು ಸೈನ್ಸ್ ಎಕ್ಸಿಬಿಷನ್. ಮಿಸ್ ಕೊಟ್ಟಿದ್ದ ಲೆನ್ಸ್ ಹಿಡಿದು ನೋಡಿದರೆ, ಸಾಸಿವೆಯಂಥ ಮರಿಗಳೆಲ್ಲ ಬಲಕ್ಕೆ!

"ಸುಳ್ಳಿ! ಬರಿ, 'ನಾನೇ ಬದಲಾಯಿಸಿದೆ' ಅಂತ. ಇಲ್ಲಾಂದ್ರೆ ಇವತ್ತಿಂದ ನಿನ್ನ ಜೊತೆ ಠೂ."

ಒಳಗೆ ಅಮ್ಮನ ಹೊಲಿಗೆ ಮಿಷನ್ನು ನಿಂತಿತು. "ಏನ್ರೇ ಅದು ಗಲಾಟೆ?"

"ಏನಿಲ್ಲಮ್ಮಾ, ಹೋಮ್‌ವರ್ಕ್!"

ಪಿಳ್ಳೆ ಮೂಗು ಒರೆಸಿಕೊಳ್ಳುತ್ತಾ ಬರೆದಳು. ಲೀಡರ್ ಚೀಟಿಯನ್ನು ಮಡಚಿ ಕಂಪಾಸ್ ಬಾಕ್ಸಿಗೆ ತುರುಕಿದಳು.

ಎಕ್ಸಿಬಿಷನ್ನಿನಲ್ಲಿ ಮೊದಲು ಬಗ್ಗಿ ನೋಡಿದವನೇ ಕೊಕ್ಕರೆ. ಕ್ಲಾಸಿಗೆಲ್ಲ ಉದ್ದದ ಹುಡುಗ, ನಾಲಿಗೆಯೂ ಅಷ್ಟೇ ಉದ್ದ.

"ಮಿಸ್, ಚೀಟಿಂಗ್! ತೊಟ್ಟಿಯಿಂದ ಯಾವುದೋ ಮರಿ ತಂದು ಹಾಕಿದ್ದಾಳೆ!"

ಸುತ್ತ ನಿಂತವರು ಗೊಳ್ಳೆಂದರು. ಲೀಡರ್ ಕಂಪಾಸ್ ಬಾಕ್ಸ್ ತೆರೆದಳು. ಅವಳು ಚೀಟಿ ತೆಗೆದು ಸೈನ್ಸ್ ಮಿಸ್ ಕೈಗಿಟ್ಟಳು.

"ನನ್ನ ತಂಗಿ ಮಾಡಿದ್ದು, ಮಿಸ್."

ಮಿಸ್ ಚೀಟಿ ಓದಿದರು. ಲೆನ್ಸ್ ಹಿಡಿದು ಬಾಟಲಿಯನ್ನು ಬಹಳ ಹೊತ್ತು ನೋಡಿದರು.

"ಇವನ್ನ ಯಾರೂ ಬದಲಾಯಿಸಬೇಕಾಗಿಲ್ಲ. ಇದು ಹೀಗೇ ಆಗುತ್ತೆ. ಮರಿ ಯಾವ ಕಡೆ ಸುತ್ತಬೇಕು ಅಂತ ತೀರ್ಮಾನ ಮಾಡೋದು ತಾಯಿಯ ಜೀನ್‌ಗಳು. ತಾಯಿಯ ಚಿಪ್ಪಲ್ಲ."

"ಆದ್ರೆ ತಾಯಿ ಎಡಕ್ಕಿದೆಯಲ್ಲ ಮಿಸ್?" ಕೊಕ್ಕರೆ ಬಿಡಲಿಲ್ಲ.

"ಅದು ಎಡಕ್ಕಿರೋದು ಅದರ ಅಮ್ಮನ ಜೀನ್‌ಗಳಿಂದ ಕಣೋ. ಇದರೊಳಗೆ ಬಲಕ್ಕೆ ಸುತ್ತಿಸೋ ಜೀನ್ ಇದೆ. ಹೊರಗಿಂದ ಎಷ್ಟು ನೋಡಿದ್ರೂ ಕಾಣಲ್ಲ. ಮರಿಗಳಾದ ಮೇಲೇ ಗೊತ್ತಾಗೋದು."

ಆಮೇಲೆ ಲೀಡರ್ ಕಡೆ ತಿರುಗಿದರು. "ಈ ಚಾರ್ಟ್ ಯಾವತ್ತು ಬರೆದೆ?"

"ಮೊಟ್ಟೆ ಇಟ್ಟ ದಿನ."

"ಈ ಚೀಟಿ?"

ಲೀಡರ್ ಚಾರ್ಟನ್ನು ಸುರುಳಿ ಸುತ್ತತೊಡಗಿದಳು. ಮಿಸ್ ಚೀಟಿಯನ್ನು ಅವಳ ಕೈಗೇ ವಾಪಸ್ ಕೊಟ್ಟರು.

ಸಂಜೆ ಪಿಳ್ಳೆ ಬಾಗಿಲಲ್ಲೇ ಕಾಯುತ್ತಿದ್ದಳು. ಬಾಟಲಿ ಕಂಡದ್ದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಮುಟ್ಟಲ್ಲ ಅಕ್ಕಾ. ಮಿಸ್ ಬೈದ್ರಾ? ಚೀಟಿ ಸರಿ ಇರಲಿಲ್ವಾ? ಇನ್ನೊಂದು ಬರೆದು ಕೊಡ್ಲಾ?"

ಲೀಡರ್ ಬಾಟಲಿಯನ್ನು ಕಿಟಕಿಯಲ್ಲಿಟ್ಟಳು. ತಂಗಿಯ ಪಕ್ಕ ನೆಲದ ಮೇಲೆ ಕೂತಳು.

"ಬೇಡ. ಪೆನ್ಸಿಲ್ ಇಲ್ಲಿ ಕೊಡು," ಎಂದಳು. "ಈ ಸಲ ನಾನು ಬರೀತೀನಿ."