ತಮ್ಮನ ಕೋಣೆಯ ಉಸಿರು

ಏಸಿ ನಿಂತ ಕ್ಷಣವೇ, ಏಣಿಯ ಮೇಲಿದ್ದ ಅವಳ ಕಿವಿಯ ಪಕ್ಕದಲ್ಲಿ ಯಾರೋ ಉಸಿರು ಬಿಟ್ಟಂತಾಯಿತು.

‘ಉಸ್ಸ್...’ ಉದ್ದನೆಯ, ಸೋತ ಉಸಿರು.

ಬೆಚ್ಚಿದ ಅವಳ ಕಾಲು ಜಾರಿತು. ಕೆಳಗಿದ್ದವನು ಏಣಿಯನ್ನು ಬಲವಾಗಿ ಅವುಚಿ ಹಿಡಿದ.

“ನಿಮಗೂ ಕೇಳಿಸ್ತಾ?” ಅವನ ಮುಖ ಬಿಳಿಚಿಕೊಂಡಿತ್ತು. “ನನ್ನ ತಮ್ಮ ಹೀಗೇ ಉಸಿರಾಡ್ತಿದ್ದ. ಹೋದ ವರ್ಷ ಇದೇ ಮಂಚದ ಮೇಲೆ ತೀರ್ಕೊಂಡ.”



ಅವಳು ಏಸಿ ಮೆಕ್ಯಾನಿಕ್. ಅಪ್ಪನಿಂದ ಕಲಿತ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ ಅವಳದೇ. ಅವನು ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು. ಧೂಳು ತಾಗಿದರೆ ಉಬ್ಬಸ ಬರುತ್ತಿದ್ದ ತಮ್ಮನಿಗಾಗಿ ಹಾಕಿಸಿದ ಏಸಿ ಅದು. ಈಗ ಅವನ ತಾಯಿ ಆ ಸದ್ದಿಗೆ ಕಿವಿಗೊಟ್ಟು ಕೋಣೆಯಲ್ಲೇ ಕೂತುಬಿಟ್ಟಿದ್ದರು. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ.

ಅವಳು ಪೈಪಿನ ಜೋಡಣೆಗೆ ಸೋಪಿನ ನೊರೆ ಸವರಿದಳು. ಗುಳ್ಳೆಗಳೆದ್ದವು. ಗ್ಯಾಸ್ ಸೋರುತ್ತಿದೆ, ಯಂತ್ರ ನಿಂತಾಗ ಉಳಿದ ಗ್ಯಾಸ್ ಪೈಪಿನಲ್ಲಿ ನುಗ್ಗಿ ಹಾಗೆ ಸದ್ದು ಮಾಡುತ್ತದೆ. ಅಷ್ಟೇ.

ಮೇಷ್ಟ್ರು ನೀರು ತರಲು ಹೋದಾಗ ತಾಯಿ ಅವಳ ಕೈ ಹಿಡಿದರು.

“ಸರಿ ಮಾಡ್ಬೇಡಮ್ಮ. ಸರಿಯಾದ್ರೆ ಅವನು ಹೋಗ್ಬಿಡ್ತಾನೆ.”

ಅವಳು ಸೋರಿಕೆಯನ್ನು ಹಾಗೇ ಬಿಟ್ಟಳು. ಮೇಷ್ಟ್ರಿಗೆ, “ಅಂಥದ್ದೇನಿಲ್ಲ, ಹಳೇ ಮೆಷಿನ್ನು,” ಎಂದಳು.

ಆಮೇಲೆ ಫಿಲ್ಟರ್ ತೊಳೆಯುವ ನೆಪದಲ್ಲಿ ಆಗಾಗ ಹೋಗುತ್ತಿದ್ದಳು. ಅವನು ಏಣಿ ಹಿಡಿಯುತ್ತಿದ್ದ. “ಬೀಳಿಸಲ್ಲ ಬಿಡಿ, ಈ ಊರಲ್ಲಿ ಇರೋದು ಒಬ್ರೇ ಮೆಕ್ಯಾನಿಕ್ಕಮ್ಮ,” ಎಂದು ನಗಿಸುತ್ತಿದ್ದ. ಆ ನಗುವಿನ ಹಿಂದೆಯೇ ಉಸಿರು ಕೇಳಿಸುತ್ತಿತ್ತು.

‘ನಾನು ಬರೋದು ಅಮ್ಮನಿಗಾಗಿಯಾ, ಇವರಿಗಾಗಿಯಾ?’ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ದಿನ ಏಸಿಯೊಳಗೆ ಮಂಜುಗಡ್ಡೆ ಕಟ್ಟಿ, ಕರಗಿದ ನೀರೆಲ್ಲ ತಾಯಿಯ ಹಾಸಿಗೆಯ ಮೇಲೆ ಸುರಿಯಿತು. ಅವಳು ಊರಲ್ಲಿರಲಿಲ್ಲ. ಪಕ್ಕದೂರಿನಿಂದ ಬಂದ ಮೆಕ್ಯಾನಿಕ್ ನೋಡಿದವನೇ, “ಗ್ಯಾಸ್ ಲೀಕು, ತುಂಬಾ ದಿನದ್ದು,” ಎಂದ. ತಾಯಿ ಅಡ್ಡ ನಿಂತು ಅವನಿಗೆ ಏಸಿ ಮುಟ್ಟಲು ಬಿಡಲಿಲ್ಲ.

ಮೇಷ್ಟ್ರು ಅವಳ ಅಂಗಡಿಗೆ ಬಂದಾಗ ಅವನ ಕಣ್ಣುಗಳು ಕೆಂಪಾಗಿದ್ದವು.

“ಗೊತ್ತಿದ್ದೂ ಸುಳ್ಳು ಹೇಳಿದ್ರಿ. ನಮ್ಮಮ್ಮ ದಿನಾ ಸಾಯೋದನ್ನ ನೋಡ್ಕೊಂಡು ನಿಂತಿದ್ರಿ, ಅಲ್ವಾ?”

ಅವಳು ತಾಯಿಯ ಹೆಸರೆತ್ತಲಿಲ್ಲ. ತಲೆ ತಗ್ಗಿಸಿದಳು. ಅವನು ಹೊರಟುಹೋದ.

ಅದಾದ ಎಷ್ಟೋ ದಿನ ನಿಂತ ಪ್ರತಿ ಯಂತ್ರದಲ್ಲೂ ಅವಳಿಗೆ ಅದೇ ಉಸಿರು ಕೇಳಿಸಿತು.

ಒಂದು ಮಧ್ಯಾಹ್ನ ಅವನು ಮತ್ತೆ ಬಂದ. ಬಾಗಿಲಲ್ಲೇ ನಿಂತ.

“ಅಮ್ಮ ಎಲ್ಲಾ ಹೇಳಿದ್ರು. ನೀವ್ಯಾಕೆ ಬಾಯಿ ಬಿಡ್ಲಿಲ್ಲ?”

“ಅಪ್ಪ ಹೋದ ಮೇಲೆ, ಯಾರ ಸ್ಕೂಟರ್ ಸದ್ದಾದ್ರೂ ಓಡಿಹೋಗಿ ಬಾಗಿಲು ತೆಗೀತಿದ್ದೆ. ಅವರಲ್ಲ ಅಂತ ಗೊತ್ತಿತ್ತು... ಆದ್ರೂ. ನಿಮ್ಮಮ್ಮನ ಬಾಗಿಲು ಮುಚ್ಚೋಕೆ ಮನಸ್ಸು ಬರ್ಲಿಲ್ಲ.”

ಅವನು ಒಳಗೆ ಬಂದು ಕೂತ.

“ನಾನೂ ಆ ಸದ್ದಿನ ಜೊತೆ ಮಾತಾಡೋಕೆ ಶುರು ಮಾಡಿದ್ದೆ. ಅಮ್ಮ ಕೇಳಿಸ್ಕೊಂಡ್ರು. ‘ಇರೋ ಮಗನನ್ನೂ ಈ ಕೋಣೆಗೆ ಕೊಡಲಾರೆ, ಅವಳನ್ನ ಕರ್ಕೊಂಡು ಬಾ’ ಅಂದ್ರು.”

ಅವಳು ಹೋದಳು. ಜೋಡಣೆ ಬಿಚ್ಚಿ ಹೊಸದಾಗಿ ಬಿಗಿದಳು, ಗ್ಯಾಸ್ ತುಂಬಿದಳು. ನೊರೆ ಸವರಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಸ್ವಲ್ಪ ಹೊತ್ತು ಓಡಿಸಿ, ತಾಯಿಯೇ ಏಸಿ ನಿಲ್ಲಿಸಿದರು.

ಮೂವರೂ ಕಾದರು.

ಏನೂ ಕೇಳಿಸಲಿಲ್ಲ.

ತಾಯಿ ಮಂಚದ ಅಂಚಿಗೆ ಒರಗಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದಾಯಿತು.

ಅವಳು ಏಣಿ ಮಡಿಸುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ, “ಈ ನಿಶ್ಶಬ್ದಕ್ಕೆ ಹೆದರಿಕೆಯಾಗ್ತಿದೆ.”

“ನನಗೂ.”

“ಇನ್ನು ಇಲ್ಲಿ ರಿಪೇರಿ ಏನೂ ಇಲ್ಲ. ಆದ್ರೂ... ಬರ್ತೀರಾ?”

“ಬಂದು ಏನು ಮಾಡ್ಲಿ?”

“ನನ್ನ ಜೊತೆ ಇರಿ. ನಾನು ನಿಮ್ಮನ್ನ ಪ್ರೀತಿಸ್ತೀನಿ.”

ಅವಳ ಕೈಯಲ್ಲಿ ಗ್ರೀಸ್ ಮೆತ್ತಿತ್ತು. ಹಾಗೇ ಅವನ ಕೈ ಹಿಡಿದಳು.

“ಇರ್ತೀನಿ. ಮೊದಲು ಅಮ್ಮನ ಜೊತೆ ಊಟಕ್ಕೆ ಕೂರೋಣ, ನಡೀರಿ.”