ಸುಳ್ಳು ಕೂಗಿಗೆ ಹಾರಿದವನು

"ಕಾಪಾಡೀ...! ಯಾರಾದ್ರೂ ಬನ್ನೀ...!"

ಸೊಂಟದವರೆಗೆ ಮರಳಲ್ಲಿ ಹೂತುಹೋಗಿದ್ದ ಅವಳು ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಬೆಟ್ಟದ ಮೇಲಿನ ಆ ಕೆರೆಯ ದಂಡೆಯಲ್ಲಿ ಜನವೋ ಜನ. ಒಬ್ಬರಾದರೂ ಅಲ್ಲಾಡಬೇಕಲ್ಲ? ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ವಿಡಿಯೋ ಬೇಕು!

ಒಬ್ಬ ಮಾತ್ರ ಚಪ್ಪಲಿ ಕಿತ್ತೆಸೆದು ಓಡಿ ಬಂದ.

"ಹೆದರ್ಬೇಡಿ! ನಾನು ಬಂದೆ!"

ಬಂದವನು ಅವಳ ಎದುರಿಗೇ ತೊಡೆಯವರೆಗೆ ಹೂತುಕೊಂಡ.

ಅವಳು ಕೂಗು ನಿಲ್ಲಿಸಿ ಹಲ್ಲು ಕಚ್ಚಿದಳು. "ಯಾರ್ರೀ ನಿಮ್ಮನ್ನ ಕರೆದಿದ್ದು?"

"ನೀವೇ ಅಲ್ವಾ... ಈಗ ತಾನೇ..."

"ಇದು ಆಟ ಕಣ್ರೀ! ನಮ್ಮ ಹೊಟ್ಟೆಪಾಡು! ಅಲ್ಲಿ ನಮ್ಮಣ್ಣ ಟಿಕೆಟ್ ಮಾರ್ತಿರೋದು ಕಾಣಲ್ವಾ?"

ಆ ಮರಳಿನ ತಳದಲ್ಲಿ ಊಟೆ ಇದೆ. ಬೆಟ್ಟದ ನೀರು ಕೆಳಗಿನಿಂದ ಉಕ್ಕಿ ಮರಳನ್ನು ಸಡಿಲ ಮಾಡುತ್ತದೆ. ನೋಡೋಕೆ ಗಟ್ಟಿ ನೆಲ, ಕಾಲಿಟ್ಟರೆ ಗುಳುಂ! ಆದರೆ ಸರಿಯಾದ ಜಾಗ ನೋಡಿ ಇಳಿದರೆ ಸೊಂಟ ದಾಟಿ ಯಾರನ್ನೂ ನುಂಗುವುದಿಲ್ಲ. ಹಿಂದಕ್ಕೆ ಒರಗಿ ನಿಧಾನಕ್ಕೆ ಕಾಲಾಡಿಸಿದರೆ ತಾನೇ ಬಿಟ್ಟುಕೊಡುತ್ತದೆ. ಎಳೆದರೆ ಮಾತ್ರ ಬಿಡಲ್ಲ, ಹಠಮಾರಿ. ಊಟೆ ಜಾಗ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ಅವಳು ದಿನಾ ಬೆಳಿಗ್ಗೆ ಕೋಲು ಚುಚ್ಚಿ ನೋಡಿಯೇ ಇಳಿಯುತ್ತಿದ್ದಳು.

"ಒರಗಿ. ಹಾಸಿಗೆ ಮೇಲೆ ಮಲಗಿದ ಹಾಗೆ. ಹಾಂ... ಈಗ ಕಾಲು ಆಡ್ಸಿ. ಒದೀಬೇಡ್ರೀ, ಕತ್ತೇನಾ ನೀವು?"

ಅವನು ಮರಳಲ್ಲಿ ಮಲಗಿಕೊಂಡೇ ನಕ್ಕ.

'ಹುಚ್ಚ' ಅಂದುಕೊಂಡಳು. ಆದರೆ... ಇಷ್ಟು ವರ್ಷ ಕೂಗಿದ್ದಕ್ಕೆ ಓಡಿ ಬಂದವನು ಇವನೊಬ್ಬನೇ! ಅವಳೊಳಗೂ ಏನೋ ಸಡಿಲವಾಯಿತು.

ಅವನು ಪ್ರವಾಸಿಗಳನ್ನು ಕರೆತರುವ ವ್ಯಾನಿನ ಡ್ರೈವರ್. ಆಮೇಲೆ ಯಾರು ಎಲ್ಲಿಗೆ ಹೋಗಬೇಕು ಅಂದರೂ ಆ ವ್ಯಾನು ಮೊದಲು ಈ ಕೆರೆಗೇ ಬರುತ್ತಿತ್ತು. 'ರೀ' ಹೋಗಿ 'ಕಣೋ' ಬಂತು.

ಒಂದು ಸಂಜೆ ಅವಳೇ ಅವನಿಗೆ ಪಾಠ ಹೇಳಿದಳು.

"ನಾನು ಕೂಗಿದ ತಕ್ಷಣ ನೀನು ಚಪ್ಪಾಳೆ ತಟ್ಬೇಕು. ನೀನು ತಟ್ಟಿದ್ರೆ ಜನಾನೂ ತಟ್ತಾರೆ. ಇನ್ನೊಂದ್ಸಲ ಹಾರಿ ಬಂದು ಆಟ ಕೆಡಿಸಿದ್ಯೋ, ನನ್ನ ಮುಖ ನೋಡ್ಬೇಡ!"

"ನಿನ್ನಾಣೆ, ಹಾರಲ್ಲ ಕಣೇ."

ಹಾಳಾದ ಆಣೆ!

ಒಂದು ದಿನ ಎರಡು ಬಸ್ಸು ಒಟ್ಟಿಗೆ ಬಂದವು. "ಕೋಲು ಗೀಲು ಆಮೇಲೆ! ಜನ ಕಾಯ್ತಿದಾರೆ, ಇಳಿ" ಅಂದ ಅಣ್ಣ.

ಇಳಿದಳು. ಊಟೆ ಸರಿದಿತ್ತು. ಎಂದಿಗಿಂತ ಆಳಕ್ಕೆ ಹೋದ ಬಲಗಾಲು ತಳದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಮರಳು ಎದೆಗೇರಿತು, ಕುಸಿದ ಜಾಗಕ್ಕೆ ಕೆರೆಯ ನೀರು ನುಗ್ಗಿ ಕುತ್ತಿಗೆಗೆ ಬಂತು.

"ಕಾಪಾಡೀ...! ಯಾರಾದ್ರೂ ಬನ್ನೀ...!"

ಅದೇ ಮಾತು, ಅದೇ ದನಿ. ಸುಳ್ಳಿಗೆ ಕೂಗಿ ಕೂಗಿ ನಿಜಕ್ಕೆ ಅವಳ ಬಳಿ ಬೇರೆ ಕೂಗೇ ಉಳಿದಿರಲಿಲ್ಲ!

ಅವಳ ಕಣ್ಣು ಅವನನ್ನು ಹುಡುಕಿತು. ಅವನು ವ್ಯಾನಿಗೆ ಒರಗಿ ನಗುತ್ತಾ... ಚಪ್ಪಾಳೆ ತಟ್ಟುತ್ತಿದ್ದ. ಅವನನ್ನು ನೋಡಿ ಎರಡು ಬಸ್ಸಿನ ಜನವೂ ತಟ್ಟಿತು.

ಅಣ್ಣನಿಗೆ ತಿಳಿಯುವ ಹೊತ್ತಿಗೆ ನೀರು ಗಲ್ಲಕ್ಕೆ ಬಂದಿತ್ತು. ಗಾಬರಿಯಲ್ಲಿ ಹಗ್ಗ ಕಟ್ಟಿ ದರದರ ಎಳೆಸಿದ. ಜೀವ ಉಳಿಯಿತು. ಬಲಗಾಲಿನ ಕೀಲು ಹೋಯಿತು.

ಆಸ್ಪತ್ರೆಯ ಬಾಗಿಲಲ್ಲಿ ನಿಂತವನಿಗೆ ಅವಳು ಹೇಳಿದ್ದು ಒಂದೇ ಮಾತು.

"ಇಲ್ಲೂ ಚಪ್ಪಾಳೆ ತಟ್ಟೋಕೆ ಬಂದ್ಯಾ?"

ಅವನು ಹಾಗೇ ತಿರುಗಿ ಹೋದ.

ಆಮೇಲೆ ಅವಳದು ತಗಡಿನ ಗೂಡಲ್ಲಿ ಕೂತು ಟಿಕೆಟ್ ಹರಿಯುವ ಕೆಲಸ. ಆಟ ನಿಂತಿತ್ತು, ಬಂದವರು ದಂಡೆಯ ಮೇಲೆ ಅಡ್ಡಾಡಿ ಹೋಗುತ್ತಿದ್ದರು. "ಕಾಲು ಹೋಯ್ತು ಅಂದ್ರೆ ಹೊಟ್ಟೆ ಸುಮ್ನಿರುತ್ತಾ?" ಅನ್ನುತ್ತಾ ಅಣ್ಣ ಪುಟ್ಟ ತಂಗಿಯ ಕಡೆ ನೋಡುತ್ತಿದ್ದ. ಇಂಥ ಅಣ್ಣ ಇದ್ದರೆ ಬೇರೆ ಶತ್ರು ಯಾಕೆ?

ಒಂದು ಮಧ್ಯಾಹ್ನ ಗೂಡಿನೊಳಗೆ ಕೂತಿದ್ದವಳು ಬೆಚ್ಚಿಬಿದ್ದಳು.

"ಕಾಪಾಡೀ...! ಯಾರಾದ್ರೂ ಬನ್ನೀ...!"

ಗಂಡಿನ ದನಿ. ಆದರೆ ಕೂಗು ಅವಳದೇ! ಅದೇ ಎಳೆತ, ಕೊನೆಯಲ್ಲಿ ಅದೇ ಬಿಕ್ಕು.

ಕುಂಟುತ್ತಾ ಹೊರಗೆ ಬಂದಳು. ಡ್ರೈವರ್! ಸೊಂಟದವರೆಗೆ ಮರಳಲ್ಲಿ!

"ಏನಣ್ಣ ಇದು?"

"ಮತ್ತಿನ್ನೇನು? ಪುಟ್ಟ ತಂಗೀನ ಇಳಿಸ್ತೀನಿ ಅಂದೆ. ಈ ಹುಚ್ಚ ವ್ಯಾನ್ ಕೆಲಸ ಬಿಟ್ಟು ಬಂದು, ಆ ಮಗು ತಂಟೆಗೆ ಹೋಗ್ಬೇಡಿ, ನಾನೇ ಇಳೀತೀನಿ ಅಂದ. ಮುಳುಗೋಕೆ ಯಾರಾದ್ರೆ ನನಗೇನು!"

ಜನ ಚಪ್ಪಾಳೆ ಶುರು ಮಾಡಿದರು. ಅವಳು ದಂಡೆಯ ಅಂಚಿಗೆ ಬಂದು ನಿಂತಳು.

'ಆಟ. ಆಟ ಅಂತ ಗೊತ್ತು...'

ಅವತ್ತು ಅವನಿಗೂ ಹೀಗೇ 'ಗೊತ್ತಿತ್ತು'!

ಅವಳು ಚಪ್ಪಲಿ ಬಿಟ್ಟು ಮರಳಿಗೆ ಇಳಿದಳು.

"ಏಯ್! ಬರ್ಬೇಡ! ಆಟ ಕಣೇ ಇದು!"

"ಗೊತ್ತು."

"ನಿನ್ನ ಕಾಲು..."

"ಹಾಳಾಗಿರೋದು ಇನ್ನೇನು ಹಾಳಾಗುತ್ತೆ? ಸುಮ್ನೆ ಕೈ ಕೊಡು."

ಕೈ ಕೊಟ್ಟ. ಕೊಟ್ಟವನೇ ಗಳಗಳ ಅತ್ತುಬಿಟ್ಟ.

"ನೀನು ಹಾರ್ಬೇಡ ಅಂದಿದ್ದೆ... ಹಾರಲಿಲ್ಲ. ಈ ಕೈ ಕಂಡ್ರೆ ನಂಗೇ ಅಸಹ್ಯ ಆಗುತ್ತೆ."

"ನಂಗೂ ಆಗುತ್ತೆ. ಮರೆತೆ ಅಂತ ಸುಳ್ಳು ಹೇಳಲ್ಲ ಕಣೋ. ಹೆಜ್ಜೆ ಹೆಜ್ಜೆಗೂ ನೆನಪಾಗುತ್ತೆ."

"ಮತ್ಯಾಕೆ ಬಂದೆ?"

"ನೀನು ಕೂಗಿದ್ಯಲ್ಲ..."

ದಂಡೆಯಿಂದ ಅಣ್ಣ ಅರಚಿದ. "ಆಟ ಕೆಡಿಸ್ತಿದೀರಲ್ರೋ!"

"ಇವತ್ತಿಗೆ ಮುಗೀತು ನಮ್ಮಣ್ಣನ ಆಟ" ಅಂದಳು. "ನಾಳೆ ಹೋಗಿ ವ್ಯಾನ್ ಮಾಲೀಕನ ಕಾಲು ಹಿಡಿ. ತಂಗೀನೂ ಕರ್ಕೊಂಡು ಹೊರಡೋಣ. ಈಗ ಒರಗು, ಕಾಲು ನಿಧಾನ..."

"ಒದೀಬಾರ್ದು. ಗೊತ್ತು, ನಾನು ಕತ್ತೆ ಅಲ್ಲ."

ಅವನ ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಇಬ್ಬರೂ ಆಕಾಶ ನೋಡುತ್ತಾ ಮರಳ ಮೇಲೆ ಒರಗಿದರು.

"ಇನ್ಮೇಲೆ ಹಾಗೆ ಕೂಗ್ಬೇಡ" ಅಂದಳು.

"ನಿಜವಾಗ್ಲೂ ಮುಳುಗ್ತಿದ್ರೆ?"

"ನನ್ನ ಹೆಸರು ಹಿಡಿದು ಕರಿ. ಅದನ್ನ ಇನ್ನೂ ಯಾರೂ ಆಟಕ್ಕೆ ಬಳಸಿಲ್ಲ."

ಅವನು ಕರೆದ. ದಂಡೆಯವರಿಗೆ ಕೇಳಿಸದಷ್ಟು ಮೆಲ್ಲಗೆ.

"ಹ್ಞಾಂ... ಬಂದೆ" ಅಂದಳು.